ಬೀಗರ ತೂಕ ಎಂಟುನೂರೈವತ್ತು ಕೆಜಿ

ಕೊಳ್ಳೇಗಾಲದಲ್ಲಿ ಬರೀ ಷಡಕ್ಷರಿ ಎಂದು ಕೇಳಿದರೆ ಮನೆ ತೋರಿಸುವವರು ಕಡಿಮೆ. ಸೈನ್ಸ್ ಷಡಕ್ಷರಿ ಎನ್ನಬೇಕು. ಮೂವತ್ತೊಂದು ವರ್ಷ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಅಟೆಂಡರ್ ಆಗಿದ್ದು ನಿವೃತ್ತರಾದವರು. ಪಾಠ ಮಾಡಿದವರು ಮೇಷ್ಟ್ರುಗಳು, ಪ್ರಯೋಗ ಮಾಡಿದವರು ಹುಡುಗರು. ಷಡಕ್ಷರಿಯವರು ಸಂಜೆ ಲೋಲಕಗಳನ್ನು ಒರೆಸಿ ಬೀರುವಿನೊಳಗೆ ಇಟ್ಟವರು. ಆದರೂ ಮೂವತ್ತೊಂದು ವರ್ಷ ಲೋಲಕ ಒರೆಸಿದ ಮನುಷ್ಯನಿಗೆ ಗುರುತ್ವಾಕರ್ಷಣೆ ತನ್ನ ಕೈಕೆಳಗೇ ಕೆಲಸ ಮಾಡುತ್ತಿತ್ತು ಎನ್ನಿಸಿದರೆ ತಪ್ಪೇನಿಲ್ಲ.

ಆದ್ದರಿಂದ ಹನೂರು ರಸ್ತೆಯಲ್ಲಿ ಅವರೂ ಸದಸ್ಯರಾಗಿದ್ದ ಟ್ರಸ್ಟಿನವರು ಹೊಸ ಕಲ್ಯಾಣ ಮಂಟಪ ಕಟ್ಟಿಸಿ, ಅದರ ಯಂತ್ರಗಳನ್ನೆಲ್ಲ ಪರೀಕ್ಷಿಸಿ ಒಪ್ಪಿಸಿಕೊಳ್ಳುವವರು ಯಾರು ಎಂಬ ಮಾತು ಬಂದಾಗ ಸಭೆಗೆ ಎರಡನೇ ಹೆಸರು ಹೊಳೆಯಲಿಲ್ಲ.

"ಸೈನ್ಸ್ ಅಂದ್ರೆ ನೀನೇ ಕಣಯ್ಯ. ನೋಡ್ಕೊ," ಎಂದರು ಅಧ್ಯಕ್ಷ ದೊಡ್ಡಮಾದಪ್ಪನವರು. ಅವರಿಗೆ ಸೈನ್ಸ್ ಎಂದರೆ ತಾವು ನೋಡಿಕೊಳ್ಳಬೇಕಾಗಿಲ್ಲದ ಎಲ್ಲವೂ.

ಕಂಟ್ರಾಕ್ಟರು ನಲವತ್ತಾರು ಪುಟದ ಪಟ್ಟಿಯೊಂದನ್ನು ತಂದು ಸಹಿಗೆ ಮುಂದಿಟ್ಟ. ಪ್ರತಿಯೊಂದು ಯಂತ್ರದ ಮುಂದೆಯೂ ನೀಲಿ ಶಾಯಿಯಲ್ಲಿ 'ಸರಿಯಿದೆ' ಎಂದು ಬರೆದಿತ್ತು. ನೀರೆತ್ತುವ ಪಂಪು ಸರಿಯಿತ್ತು, ಅದಿನ್ನೂ ಕೊಯಮತ್ತೂರಿನಿಂದ ಹೊರಟಿರಲಿಲ್ಲ. ಬೆಂಕಿ ಎಚ್ಚರಿಕೆಯ ಗಂಟೆಗೆ 'ಶಬ್ದ ಉತ್ತಮ' ಎಂಬ ವಿಶೇಷ ಷರಾ ಇತ್ತು, ಗಂಟೆಗೆ ತಂತಿ ಎಳೆದಿರಲಿಲ್ಲ. ಷಡಕ್ಷರಿಯವರು ಸಹಿ ಹಾಕಲಿಲ್ಲ. ನಿವೃತ್ತಿಯ ದಿನ ಮರೆತು ಜೇಬಿನಲ್ಲೇ ಮನೆಗೆ ಬಂದುಬಿಟ್ಟಿದ್ದ ಕಾಲೇಜಿನ ಸ್ಟಾಪ್‌ವಾಚನ್ನು ಹೊರಗೆ ತೆಗೆದರು. ಎರಡು ತಿಂಗಳು ಅವರು ಊದುಬತ್ತಿ ಹಿಡಿದು ಒಂದೊಂದು ಹೊಗೆ ಸೆನ್ಸರಿನ ಕೆಳಗೂ ನಿಂತರು, ಕರೆಂಟು ತೆಗೆಸಿ ಜನರೇಟರು ಎಷ್ಟು ಸೆಕೆಂಡಿಗೆ ಎದ್ದೇಳುತ್ತದೆ ಎಂದು ಎಣಿಸಿದರು, ಐವತ್ತೆರಡು ನಲ್ಲಿಗಳನ್ನೂ ಒಟ್ಟಿಗೆ ಬಿಟ್ಟು ಅಡುಗೆಮನೆಯನ್ನು ಕೆರೆ ಮಾಡಿದರು. ಕಂಟ್ರಾಕ್ಟರಿಗೆ ಮೊದಲು ಸಿಟ್ಟು ಬಂತು, ಆಮೇಲೆ ಬೇಸರ ಬಂತು, ಕಡೆಗೆ ಅವನ ಫೋನು ಸ್ವಿಚ್ ಆಫ್ ಆಯಿತು.

ಉಳಿದದ್ದು ಲಿಫ್ಟು ಒಂದೇ. ಅದಕ್ಕೆ ಸರ್ಕಾರದ ಇನ್‌ಸ್ಪೆಕ್ಟರು ಬಂದು ನೋಡಿ ಸರ್ಟಿಫಿಕೇಟ್ ಕೊಡಬೇಕು. ಬರುವ ದಿನ ಗುರುವಾರ ಎಂದು ಗೊತ್ತಾಗಿತ್ತು. ಭಾನುವಾರ ಅದೇ ಮಂಟಪದಲ್ಲಿ ಷಡಕ್ಷರಿಯವರ ಮಗಳು ದೀಪಳ ಮದುವೆ.

ಮದುವೆಗೂ ಲಿಫ್ಟಿಗೂ ಗಂಟು ಹಾಕಿದವರು ಷಡಕ್ಷರಿಯವರೇ. ಹುಡುಗ ತೇಜಸ್ ಹನೂರಿನ ಕಡೆಯ ಶಾಗ್ಯದವನು, ಹಿಪ್ಪುನೇರಳೆ ತೋಟದವರು. ನಿಶ್ಚಿತಾರ್ಥದ ದಿನ ಹುಡುಗನ ಅಜ್ಜಿ ಗುರುಸಿದ್ದಮ್ಮ ಮಂಟಪ ಎರಡನೇ ಮಹಡಿಯಲ್ಲಿ ಎಂದು ಕೇಳಿದವರೇ ಎರಡು ಮಂಡಿಯನ್ನೂ ಸವರಿಕೊಂಡಿದ್ದರು.

"ನಂಗೆ ಮೆಟ್ಲತ್ತಕ್ಕಾಗಾಕಿಲ್ಲ. ಕೆಳೀಕ್ ಮಾಡ್ರಪ್ಪ."

"ನಾಲ್ಕು ಜನ ಕುರ್ಚಿ ಸಮೇತ ಹೊತ್ತುಕೊಂಡು ಹೋಗ್ತೀವಿ ಅಜ್ಜಿ," ಎಂದರು ಯಾರೋ.

"ನಾಕ್ ಜನ ಒತ್ಕಂಡು ಓಗಕ್ಕೆ ಇನ್ನೂ ಟೈಮ್ ಅದೆ ಕಣಪ್ಪಾ," ಎಂದರು ಗುರುಸಿದ್ದಮ್ಮ. "ನಾ ಬರ್ದೆ ಮೊಮ್ಮಗ ತಾಳಿ ಕಟ್ಟಾಕಿಲ್ಲ. ಬೇರೆ ಛತ್ರ ನೋಡಿ, ಇಲ್ಲಾ ಬೇರೆ ಎಣ್ಣ ನೋಡ್ತೀವಿ."

ಆಗ ಷಡಕ್ಷರಿಯವರು ಎದ್ದು ನಿಂತು, "ಅಜ್ಜಿ, ನೀವು ಮೆಟ್ಟಿಲು ತುಳಿಯೋದು ಬೇಡ. ಲಿಫ್ಟು ಇದೆ. ಅದನ್ನು ಮೊದಲು ಹತ್ತೋರೂ ನೀವೇ. ಇದು ನನ್ನ ಮಾತು," ಎಂದರು. ಮಾತಿನ ತೂಕ ಎಷ್ಟು ಎಂದು ಆವತ್ತು ಯಾರೂ ಕೇಳಲಿಲ್ಲ.

ಸೋಮವಾರ ಲಿಫ್ಟು ಕಂಪನಿಯ ಮೆಕ್ಯಾನಿಕ್ ಮಾದೇಶ್ ಪರೀಕ್ಷೆಯ ವಿಷಯ ಬಿಡಿಸಿ ಹೇಳಿದ.

"ಸಾ, ಈ ಲಿಫ್ಟು ಅತ್ತು ಜನಕ್ಕೆ. ಆರ್ನೂರ ಎಂಬತ್ತು ಕೇಜಿ. ಅದ್ಕಿಂತ ಜಾಸ್ತಿ ಆದ್ರೆ ಕುಂಯ್ ಅಂತ ಬಡ್ಕಬೇಕು, ಬಾಗ್ಲು ಮುಚ್ಕೂಡ್ದು, ಜಾಗ ಬುಟ್ಟು ಅಳ್ಳಾಡ್ಕೂಡ್ದು. ಇನ್‌ಸ್ಪೆಕ್ಟ್ರು ಎಂಟ್ನೂರೈವತ್ತು ಕೇಜಿ ಏರ್ಸಿ ನೋಡ್ತಾರೆ. ಅಳ್ಳಾಡ್ನಿಲ್ಲ ಅಂದ್ರೆ ಪಾಸು. ಓಯ್ತು ಅಂದ್ರೆ ಫೇಲು."

ಹೋದರೆ ಫೇಲು, ನಿಂತರೆ ಪಾಸು ಎಂಬ ಈ ನಿಯಮ ಷಡಕ್ಷರಿಯವರಿಗೆ ಬಹಳ ಹಿಡಿಸಿತು. ಕಾಲೇಜಿನಲ್ಲಿ ತಮ್ಮ ಬಡ್ತಿಯ ಫೈಲನ್ನೂ ಹೀಗೇ ಪರೀಕ್ಷಿಸಿದ್ದಿರಬೇಕು ಎನ್ನಿಸಿತು.

"ಎಂಟುನೂರೈವತ್ತು ಕೆಜಿ ಏನನ್ನು ಏರಿಸ್ತಾರೆ?"

"ಮರಳು ಮೂಟೆ ಸಾ. ಐವತ್ತು ಕೇಜಿದು ಅದ್ನೇಳು. ಕಂಟ್ರಾಕ್ಟ್ರು ಕೊಡ್ಬೇಕು. ಫೋನ್ ಎತ್ತಾ ಇಲ್ಲ."

ಮರಳಿನ ಮೂಟೆಯ ಸುದ್ದಿ ಮನೆಗೆ ಹೋದದ್ದೇ ತಡ, ಹೆಂಡತಿ ಮಹಾಲಕ್ಷ್ಮಮ್ಮ ಒಗ್ಗರಣೆ ಸೌಟನ್ನು ಕೈಯಲ್ಲೇ ಹಿಡಿದುಕೊಂಡು ಈಚೆಗೆ ಬಂದರು. "ಹೊಸ ಮನೆ ಹೊಸ್ತಿಲು ದಾಟೋಕೆ ಹಸು ಹುಡುಕ್ತಾರೆ, ಮುತ್ತೈದೇರನ್ನ ಹುಡುಕ್ತಾರೆ. ನೀವು ಮಗಳ ಮದುವೆ ಇಟ್ಕೊಂಡು ಮೊದಲು ಮಣ್ಣುಮೂಟೆ ಹತ್ತಿಸ್ತೀರಾ? ಅಜ್ಜಿಗೆ ಮೊದಲು ಹತ್ತೋರು ನೀವೇ ಅಂತ ಬೇರೆ ಹೇಳಿದೀರಿ."

ಷಡಕ್ಷರಿಯವರು ಹದಿನೈದು ನಿಮಿಷ ಯೋಚಿಸಿದರು. ವಿಜ್ಞಾನಕ್ಕೆ ಬೇಕಾದದ್ದು ಎಂಟುನೂರೈವತ್ತು ಕೆಜಿ ತೂಕವೇ ಹೊರತು ಮರಳೇ ಆಗಬೇಕೆಂದು ಅದೇನೂ ಹಟ ಹಿಡಿದಿಲ್ಲ. ಮನುಷ್ಯರೂ ತೂಗುತ್ತಾರೆ. ಬೀಗರೂ ಮನುಷ್ಯರೇ. ಹನ್ನೆರಡು ಜನ ಒತ್ತಿಕೊಂಡು ನಿಂತರೆ ಎಂಟುನೂರೈವತ್ತು ಆಗದೆ ಎಲ್ಲಿ ಹೋಗುತ್ತದೆ? ಲಿಫ್ಟು ಕುಂಯ್ ಎನ್ನುತ್ತದೆ, ಪರೀಕ್ಷೆ ಪಾಸಾಗುತ್ತದೆ. "ಅಯ್ಯೋ, ಒಂದಿಬ್ಬರು ಹೆಚ್ಚಾದರಲ್ಲ" ಎಂದು ಕೆಲವರನ್ನು ಇಳಿಸಿದರೆ ಉಳಿದವರು ಮೊದಲ ಸವಾರಿಯ ಮರ್ಯಾದೆಯೊಂದಿಗೆ ಮೇಲೆ ಹೋಗುತ್ತಾರೆ. ತಾವು ಮರಳಿನ ಮೂಟೆಗೆ ಬದಲಾಗಿ ನಿಂತಿದ್ದೆವೆಂದು ಅವರಿಗೆ ಯಾವ ಜನ್ಮಕ್ಕೂ ಗೊತ್ತಾಗುವುದಿಲ್ಲ. ಒಂದೇ ಏಟಿಗೆ ಸಂಬಂಧವೂ ಸರ್ಟಿಫಿಕೇಟೂ.

ಇದಕ್ಕೆ ಬೇಕಾಗಿದ್ದುದು ಒಂದೇ, ಬೀಗರ ತೂಕ. ಮಂಗಳವಾರ ಬೆಳಿಗ್ಗೆ ಹುಡುಗನ ಅಪ್ಪ ಜಡೇಸ್ವಾಮಿಗೆ ಫೋನು ಮಾಡಿದರು.

"ಬೀಗ್ರೇ, ಒಂದು ವಿಷಯ. ತೂಕ ಎಷ್ಟು?"

"ಗೂಡಿಂದಾ? ಇನ್ನೂ ಇಳ್ಸಿಲ್ಲ ಬೀಗ್ರೇ."

"ರೇಷ್ಮೆಗೂಡಿಂದಲ್ಲ. ನಿಮ್ಮದು. ಮೈ ತೂಕ."

ಆ ಕಡೆ ಎಮ್ಮೆಯೊಂದು ಕೂಗಿತು. "ನಂದಾ? ಅರ್ವತ್ತೆಂಟೋ ಏನೋ. ಯಾಕ್ ಬೀಗ್ರೇ?"

"ಯಾಕೆ ಅಂತ ಈಗ ಬಾಯಿ ಬಿಡೋ ಹಾಗಿಲ್ಲ. ಗುರುವಾರ ಮಂಟಪಕ್ಕೆ ಬನ್ನಿ, ತಾನಾಗೇ ಗೊತ್ತಾಗುತ್ತೆ. ಅಜ್ಜಿಯವರು ಎಷ್ಟಿದ್ದಾರೆ? ನಿಮ್ಮ ಕಡೆ ಇನ್ನೂ ಒಂದೊಂಬತ್ತು ಜನದ್ದು ಬೇಕಿತ್ತಲ್ಲ."

ಜಡೇಸ್ವಾಮಿ ಫೋನಿಟ್ಟು ಹಜಾರಕ್ಕೆ ಬಂದು ತಾಯಿಗೆ ವರದಿ ಒಪ್ಪಿಸಿದರು. ಗುರುಸಿದ್ದಮ್ಮ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು.

"ಬಾಯಿ ಬುಡಂಗಿಲ್ಲ ಅಂದ್ರಾ?"

"ಅಂಗೇ ಅಂದ್ರು ಕವ್ವ."

"ಮೈ ತೂಕ ಕೇಳೋರು, ಯಾಕ್ ಅಂತ ಬಾಯಿ ಬುಡ್ದೇ ಇರೋರು ಲೋಕ್ದಲ್ಲಿ ಎಷ್ಟ್ ಥರ ಅವ್ರೆ ಯೋಳು ನೋಡವ? ಅರಕೆ ಕಣ್ಲಾ ಅದು! ಮಗ್ಳಿಗೆ ಒಳ್ಳೆ ಸಂಬಂಧ ಸಿಕ್ರೆ ಬೀಗ್ರುನ್ನ ಬೆಲ್ಲದಲ್ಲಿ ತೂಗ್ತೀನಿ ಅಂತ ಮಾದಪ್ಪಂಗೆ ಅರಕೆ ಒತ್ಕಂಡವ್ರೆ. ಅರಕೆ ಮುಂಚೇನೆ ಬಾಯ್ಬುಟ್ರೆ ಫಲ ಇಲ್ಲ, ಅದ್ಕೇ ಯೋಳ್ನಿಲ್ಲ."

ತರ್ಕದಲ್ಲಿ ಎಲ್ಲಿಯೂ ಬಿರುಕಿರಲಿಲ್ಲ. ಮಾದಪ್ಪ ದೇವರ ಬೆಟ್ಟದ ಸೀಮೆಯಲ್ಲಿ ಯಾರನ್ನು ಕೇಳಿದರೂ ಇದೇ ಉತ್ತರ ಬರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ತುಲಾಭಾರದ ಸುದ್ದಿ ಕಾಮಗೆರೆ ದಾಟಿ ಧನಗೆರೆ ಮುಟ್ಟಿತ್ತು. ತೂಗಿದಷ್ಟು ಬೆಲ್ಲ ಅವರವರ ಹೆಸರಿನಲ್ಲಿ ಮಾದಪ್ಪನಿಗೆ ಸಲ್ಲುತ್ತದೆ ಎಂದ ಮೇಲೆ, ಮಾದಪ್ಪನಿಗೆ ಕಡಿಮೆ ಬೆಲ್ಲ ಕೊಡಿಸಿದ ಪಾಪ ಯಾರಿಗೆ ಬೇಕು? ಷಡಕ್ಷರಿಯವರ ಫೋನು ಬಿಡುವಿಲ್ಲದೆ ಬಡಿದುಕೊಳ್ಳತೊಡಗಿತು.

"ಬೀಗ್ರೇ, ನಾನು ಜಡೇಸ್ವಾಮಿ. ಬೆಳಿಗ್ಗೆ ಅರ್ವತ್ತೆಂಟು ಅಂದಿದ್ನಲ್ಲ, ಎಂಬತ್ತೊಂದು ಅಂತ ಬರ್ಕಳಿ."

"ಆರು ಗಂಟೆಯಲ್ಲಿ ಹದಿಮೂರು ಕೆಜಿ ಹೇಗೆ ಹೆಚ್ಚಾಯ್ತು?"

"ಉಂಡ್ವಲ್ಲ ಬೀಗ್ರೇ."

ನಲವತ್ತೈದು ಇದ್ದ ಗುರುಸಿದ್ದಮ್ಮ ಅರವತ್ತೆರಡಕ್ಕೆ ಏರಿದರು. ಜಡೇಸ್ವಾಮಿಯ ಕಾಮಗೆರೆಯ ಸೋದರಮಾವ ಬೆಳಿಗ್ಗೆ ಅರವತ್ತು ಎಂದಿದ್ದವನು ತೊಂಬತ್ತು ಎಂದ. ಧನಗೆರೆಯ ಅತ್ತಿಗೆ ಪ್ರೇಮಾ ಮಾತ್ರ ಐವತ್ತಕ್ಕಿಂತ ಮೇಲೆ ಹೋಗಲು ಒಪ್ಪಲಿಲ್ಲ. ದೇವರ ವಿಷಯವೇ ಆದರೂ ಹೆಣ್ಣುಮಕ್ಕಳಿಗೆ ಒಂದು ಮಿತಿ ಇರುತ್ತದೆ. ರಾತ್ರಿ ಅವಳ ಗಂಡ ಫೋನು ಮಾಡಿ, ಆಕೆಗೆ ಗೊತ್ತಿಲ್ಲದಂತೆ ಎಪ್ಪತ್ತು ಬರೆಸಿದ.

ಷಡಕ್ಷರಿಯವರು ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಮಾಡಿ, ಬೆಳಗಿನ ಅಳತೆ ಒಂದು ಕಡೆ, ಸಂಜೆಯ ಅಳತೆ ಇನ್ನೊಂದು ಕಡೆ ಬರೆದರು. ವ್ಯತ್ಯಾಸ ಕಂಡು ಅವರಿಗೆ ಅನುಮಾನ ಬಂದದ್ದು ತಕ್ಕಡಿಗಳ ಮೇಲೆ. ಹಳ್ಳಿಯ ತಕ್ಕಡಿಗಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸಬೇಕೆಂಬ ಕಾನೂನನ್ನು ಯಾರೂ ಪಾಲಿಸುತ್ತಿಲ್ಲ ಎಂದು ಹೆಂಡತಿಯೊಡನೆ ನೊಂದುಕೊಂಡರು. ಕೊನೆಗೆ ಸಂಜೆಯ ಅಳತೆ ಹೊಸದು, ಆದ್ದರಿಂದ ಹೆಚ್ಚು ನಿಖರ ಎಂದು ತೀರ್ಮಾನಿಸಿ ಕೂಡಿದರು. ಬೀಗರ ಕಡೆ ಹನ್ನೊಂದು ಜನ, ಏಳುನೂರ ಎಂಬತ್ತು ಕೆಜಿ. ಅದಕ್ಕೆ ತಮ್ಮದು ಎಪ್ಪತ್ತು. ಒಂದು ಗ್ರಾಂ ಆಚೀಚೆ ಇಲ್ಲದೆ ಎಂಟುನೂರೈವತ್ತು!

ಬುಧವಾರ ಬೆಲ್ಲದ ಮಂಡಿಯ ನಿಂಗರಾಜು ಫೋನು ಮಾಡಿದ. "ಸಾ, ಬೆಲ್ಲ ಅಚ್ಚೋ ಉಂಡೆಯೋ?"

ಅಡುಗೆಯವರು ಹೋಳಿಗೆಗೆ ಹೇಳಿರಬೇಕು ಎಂದುಕೊಂಡ ಷಡಕ್ಷರಿಯವರು, "ಯಾವುದಾದ್ರೂ ಸರಿ ಕಣಪ್ಪ, ಗುರುವಾರ ಮಂಟಪಕ್ಕೆ ತಂದುಬಿಡು," ಎಂದರು.

"ಎಷ್ಟ್ ತರ್ಲಿ ಸಾ?"

"ಎಷ್ಟು ಬೇಕಾಗುತ್ತೋ ಅಷ್ಟು."

ನಿಂಗರಾಜುವಿನ ದನಿ ಭಕ್ತಿಯಿಂದ ನಡುಗಿತು. "ದೊಡ್ಡ ಮನ್ಸು ಸಾ ನಿಮ್ದು. ತಕ್ಕಡೀನೂ ತರ್ಲಾ?"

"ಬೆಲ್ಲ ತಂದ ಮೇಲೆ ತಕ್ಕಡಿ ಇಲ್ಲದೆ ಆಗುತ್ತೇನಯ್ಯ? ತಗೊಂಡು ಬಾ."

ಗುರುವಾರ ಹತ್ತು ಗಂಟೆಗೆ ಷಡಕ್ಷರಿಯವರು ಮಂಟಪದ ಮುಂದೆ ಸ್ಕೂಟರ್ ನಿಲ್ಲಿಸಿದಾಗ ಗೇಟಿನ ತುಂಬ ಒಂದು ಫ್ಲೆಕ್ಸು ಗಾಳಿಗೆ ಉಬ್ಬಿಕೊಂಡು ನಿಂತಿತ್ತು. 'ಬೀಗರ ತುಲಾಭಾರ ಮಹೋತ್ಸವಕ್ಕೆ ಸರ್ವರಿಗೂ ಸುಸ್ವಾಗತ.' ಅದರ ಮುಕ್ಕಾಲು ಭಾಗದಲ್ಲಿ ಅಧ್ಯಕ್ಷ ದೊಡ್ಡಮಾದಪ್ಪನವರು ಕೈ ಮುಗಿಯುತ್ತಿದ್ದರು. ಮೂಲೆಯಲ್ಲಿ, ಕಾಲೇಜಿನ ಗುರುತಿನ ಚೀಟಿಯಿಂದ ಎತ್ತಿದ ಅಂಚೆಚೀಟಿ ಗಾತ್ರದ ಷಡಕ್ಷರಿ ಇದ್ದರು.

"ಹೇಳಬಾರದಾ ನನಗೆ?" ಎಂದು ದೊಡ್ಡಮಾದಪ್ಪನವರು ಬೆನ್ನು ತಟ್ಟಿದರು. "ಹರಕೆ ಅಂದ್ಮೇಲೆ ಹೇಳೋ ಹಾಗಿಲ್ಲ, ಬಿಡು. ನಮ್ಮ ಮಂಟಪದ ಮೊದಲ ಕಾರ್ಯವೇ ಇಂಥಾದ್ದು! ಪೇಪರಿನವರಿಗೂ ಹೇಳಿದೀನಿ."

ಒಳಗೆ ಜಗಲಿಯ ಮೇಲೆ ಇಪ್ಪತ್ತೈದು ಕೆಜಿಯ ಬೆಲ್ಲದ ಮೂಟೆಗಳು ಗೋಡೆ ಕಟ್ಟಿದಂತೆ ನಿಂತಿದ್ದವು. ಪಕ್ಕದಲ್ಲಿ ಕೆಂಪು ಅಂಕಿ ಬೆಳಗುವ ಕರೆಂಟಿನ ತಕ್ಕಡಿ. ಅದಕ್ಕೆ ಮಾವಿನೆಲೆಯ ತೋರಣ. ಶಾಗ್ಯದಿಂದ ಒಂದು ಟೆಂಪೋ ತುಂಬ ಬೀಗರು ಬಂದಿಳಿದಿದ್ದರು. ಕೊಳ್ಳೇಗಾಲದ ಆ ಬಿಸಿಲಿನಲ್ಲಿ ಕಾಮಗೆರೆಯ ಸೋದರಮಾವ ಎರಡು ಸ್ವೆಟರ್ ಹಾಕಿಕೊಂಡು ಬಂದಿದ್ದ.

ಷಡಕ್ಷರಿಯವರಿಗೆ ಈಗ ಎಲ್ಲವೂ ಅರ್ಥವಾಯಿತು. ಹರಕೆ ಇಲ್ಲ ಎಂದರೆ, ಮತ್ತೆ ತೂಕ ಯಾಕೆ ಕೇಳಿದಿರಿ ಎನ್ನುತ್ತಾರೆ. ಮರಳಿನ ಮೂಟೆಯ ಮಾತು ಹೇಳಬೇಕಾಗುತ್ತದೆ. ಹರಕೆ ಇದೆ ಎಂದರೆ ಬೆಲ್ಲ ತೂಗಬೇಕಾಗುತ್ತದೆ. ಎರಡು ಕಡೆಯಿಂದಲೂ ಸಮನಾದ ಬಲ ಬಿದ್ದಾಗ ವಸ್ತು ಅಲ್ಲಾಡದೆ ನಿಲ್ಲುತ್ತದೆ ಎಂದು ವಿಜ್ಞಾನ ಹೇಳುತ್ತದೆ. ಷಡಕ್ಷರಿಯವರು ನಿಂತರು.

ಅಷ್ಟರಲ್ಲಿ ಇನ್‌ಸ್ಪೆಕ್ಟರ ಜೀಪು ಬಂತು. ಆತ ನಗದ ಮನುಷ್ಯ. ಫ್ಲೆಕ್ಸನ್ನೂ ತೋರಣವನ್ನೂ ನೋಡಿ, "ಮೂರು ಗಂಟೆಗೆ ನಾನು ಹೊರಡಬೇಕು. ಇವತ್ತು ಆಗದಿದ್ದರೆ ಮುಂದಿನ ತಿಂಗಳೇ," ಎಂದರು. "ಲೋಡ್ ಎಲ್ಲಿ?"

"ಎಲ್ಲಾ ಬಂದಿದ್ದಾರೆ ಸಾರ್," ಎಂದರು ಷಡಕ್ಷರಿ.

ಹನ್ನೊಂದು ಜನ ಬೀಗರು ಬಲಗಾಲಿಟ್ಟು ಲಿಫ್ಟಿನೊಳಗೆ ಹೋದರು. ಮೊದಲು ಗುರುಸಿದ್ದಮ್ಮ, ಕಡೆಗೆ ಷಡಕ್ಷರಿ. ಹೊರಗೆ ಮಾದೇಶ್ ಬಾಗಿಲಿನ ಕಡೆಗೇ ಕಣ್ಣು ನೆಟ್ಟು ನಿಂತ. ಇನ್‌ಸ್ಪೆಕ್ಟರು ಪೆನ್ನು ತೆಗೆದರು. ಕುಂಯ್ ಎನ್ನುವುದನ್ನು ಕಾಯುತ್ತ ಷಡಕ್ಷರಿಯವರು ಉಸಿರು ಹಿಡಿದರು.

ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಲಿಫ್ಟು ಬೆಣ್ಣೆಯಲ್ಲಿ ಎಳೆದ ನೂಲಿನ ಹಾಗೆ ಮೇಲೆ ಹೋಯಿತು.

"ಓಯ್ತದೆ, ಓಯ್ತದೆ! ಉಘೇ ಮಾದಪ್ಪಾ!" ಎಂದು ಹನ್ನೊಂದು ಜನ ಒಕ್ಕೊರಲಿನಲ್ಲಿ ಕೂಗಿದರು. ಹನ್ನೆರಡನೆಯವರ ಮುಖ ಸುಣ್ಣದಂತಾಗಿತ್ತು.

"ಯಾಕ್ ಬೀಗ್ರೇ, ಎದ್ರುಕಂಡ್ರಾ?" ಎಂದು ಜಡೇಸ್ವಾಮಿ ಅವರ ತೋಳು ಹಿಡಿದುಕೊಂಡರು. "ಲಿಫ್ಟು ಚೆನ್ನಾಗೇ ಓಯ್ತಾ ಅದಲ್ಲ."

"ಅದೇ ಬೀಗ್ರೇ... ಚೆನ್ನಾಗೇ ಹೋಗ್ತಾ ಇದೆ," ಎಂದರು ಷಡಕ್ಷರಿ, ಅಳುವ ದನಿಯಲ್ಲಿ.

ಕೆಳಗೆ ಇಳಿದು ಬಂದಾಗ ಇನ್‌ಸ್ಪೆಕ್ಟರು ಬರೆದಾಗಿತ್ತು: 'ಅತಿಭಾರ ಸೂಚಕ ಕೆಲಸ ಮಾಡುತ್ತಿಲ್ಲ. ಅನುತ್ತೀರ್ಣ.'

"ಸಾ, ನನ್ ಸೆನ್ಸರ್ ಸರ್ಯಾಗೇ ಅದೆ," ಎಂದು ಮಾದೇಶ್ ಷಡಕ್ಷರಿಯವರನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ. "ನಿಮ್ ಬೀಗ್ರು ಮೇಲೆ ನಂಗೆ ಡೌಟು. ತೂಗ್ಸಿ ನೋಡಿ. ತಕ್ಕಡಿ ಎಂಗೂ ಅದೆ."

ತಕ್ಕಡಿ ಇತ್ತು, ತೋರಣವೂ ಇತ್ತು. ಇನ್ನೂರು ಜನ ನೋಡುತ್ತ ನಿಂತಿದ್ದರು. "ಮೊದಲು ತೂಕ," ಎಂದು ಷಡಕ್ಷರಿಯವರು ಹೇಳಿದ್ದೇ ತಡ ಬೀಗರಲ್ಲಿ ಜಯಘೋಷ ಎದ್ದಿತು. ಜಡೇಸ್ವಾಮಿ ಪೇಟ ಸರಿಮಾಡಿಕೊಂಡು ಮುಂದೆ ಬಂದರು.

ತಕ್ಕಡಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದ ಗುರುಸಿದ್ದಮ್ಮ ಮಗನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ನಲವತ್ತು ವರ್ಷ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಮಾರಿದ ಕಣ್ಣು. "ಅರ್ವತ್ತಾರು," ಎಂದರು.

ತಕ್ಕಡಿಯ ಮೇಲೆ ಕೆಂಪು ಅಂಕಿ ಬೆಳಗಿತು. ಅರವತ್ತಾರು.

"ಎಂಬತ್ತೊಂದು ಅಂದಿದ್ರಲ್ಲ ಬೀಗ್ರೇ?"

"ಚಪ್ಲಿ ಬುಟ್ಟಿದ್ದೀನಿ ಬೀಗ್ರೇ," ಎಂದರು ಜಡೇಸ್ವಾಮಿ.

ಕಾಮಗೆರೆಯ ಸೋದರಮಾವ ಎರಡು ಸ್ವೆಟರ್ ಬಿಚ್ಚಿ, ಜೇಬುಗಳಿಂದ ಎರಡು ತೆಂಗಿನಕಾಯಿ ಈಚೆಗೆ ತೆಗೆದು ಇಟ್ಟ ಮೇಲೆ ಐವತ್ತೆಂಟಕ್ಕೆ ಬಂದ. ಪ್ರೇಮಾ ಸರಿಯಾಗಿ ಐವತ್ತೇ ಇದ್ದಳು. ಇಡೀ ಬಳಗದಲ್ಲಿ ನಿಜ ಹೇಳಿದವಳು ತಾನೊಬ್ಬಳೇ ಎಂದು ಗಂಡನ ಕಡೆ ನೋಡಿದಳು. ಗಂಡ ಸೂರಿನ ಕಡೆ ನೋಡಿದ. ಕಡೆಗೆ ಗುರುಸಿದ್ದಮ್ಮ ಏರಿದರು. ಅರವತ್ತೆರಡು ಎಂದವರು ಮೂವತ್ತೆಂಟು ತೂಗಿದರು.

"ವಯಸ್ಸಾದ್ಮೇಲೆ ತೂಕ ಮಾತ್ನಲ್ಲಿರ್ತದೆ ಕಣಪ್ಪಾ, ಮೈನಲ್ಲಿ ಇರಾಕಿಲ್ಲ," ಎಂದು ಯಾರೂ ಕೇಳದೆಯೇ ಸಮಜಾಯಿಷಿ ಕೊಟ್ಟು ಇಳಿದರು.

ಹನ್ನೊಂದು ಜನದ ನಿಜವಾದ ಮೊತ್ತ ಐನೂರ ಎಂಬತ್ತು. ಷಡಕ್ಷರಿಯವರು ಅದರ ಕೆಳಗೆ ತಮ್ಮ ಎಪ್ಪತ್ತನ್ನು ಬರೆದು ಗೆರೆ ಎಳೆದರು. ಆರುನೂರೈವತ್ತು.

"ನೀವ್ ಅತ್ತಾಕಿಲ್ವಾ ಬೀಗ್ರೇ?" ಎಂದರು ಗುರುಸಿದ್ದಮ್ಮ. ಅವರ ಕಣ್ಣು ಷಡಕ್ಷರಿಯವರ ಬೆಲ್ಟಿನ ಕೊನೆಯ ತೂತಿನ ಮೇಲಿತ್ತು.

"ನನ್ನದು ಗೊತ್ತಿರೋದೇ ಅಜ್ಜಿ. ಎಪ್ಪತ್ತು. ಕಾಲೇಜಿಗೆ ಸೇರಿದ ದಿನವೇ ಲ್ಯಾಬಿನ ತಕ್ಕಡೀಲಿ ತೂಗಿಸಿದ್ದೆ. ಬಹಳ ನಿಖರವಾದ ತಕ್ಕಡಿ."

"ಎಪ್ಪತ್ತು," ಎಂದರು ಅಜ್ಜಿ. ಅದು ಪ್ರಶ್ನೆಯೂ ಅಲ್ಲ, ಒಪ್ಪಿಗೆಯೂ ಅಲ್ಲ.

ಮಾದೇಶ್ ಕುಣಿದಾಡಿದ. ಆರುನೂರ ಎಂಬತ್ತರೊಳಗೆ ಇದ್ದಾಗ ಲಿಫ್ಟು ಹೋಗಿದ್ದು ಸರಿಯೇ! ಈಗ ಎಂಟುನೂರೈವತ್ತಕ್ಕೆ ಇನ್ನೂರು ಕಡಿಮೆ, ಅಂದರೆ ಎಂಟು ಮೂಟೆ ಬೆಲ್ಲ. ಮತ್ತೊಮ್ಮೆ ಎಲ್ಲರನ್ನೂ ಒಳಗೆ ಕಳಿಸಿದರು. ಹತ್ತು ಜನದ ಲಿಫ್ಟಿನಲ್ಲಿ ಹನ್ನೆರಡು ಜನ, ಎಂಟು ಮೂಟೆ. ಕೆಲವು ಬೀಗರು ಮೂಟೆಗಳ ಮೇಲೆ ನಿಂತರು, ಕೆಲವು ಮೂಟೆಗಳು ಬೀಗರ ಮೇಲೆ ಕುಳಿತವು.

ಕುಂಯ್ ಎಂದಿತು. ಕೆಂಪು ದೀಪ ಹತ್ತಿತು. ಬಾಗಿಲು ಮುಚ್ಚಲಿಲ್ಲ, ಲಿಫ್ಟು ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಹೊರಗಿನವರೆಲ್ಲ ಚಪ್ಪಾಳೆ ತಟ್ಟಿದರು. ಷಡಕ್ಷರಿಯವರ ಕಣ್ಣಲ್ಲಿ ನೀರು ಬಂತು.

"ಓಗ್ದೇ ಇರೋದ್ಕೆ ಚಪ್ಪಾಳೆ ಯಾಕ್ಲಾ ತಟ್ಟೀರಿ?" ಎಂದು ಮೂಟೆಗಳ ಸಂದಿಯಿಂದ ಗುರುಸಿದ್ದಮ್ಮ ಕೇಳಿದರು.

ಇಲ್ಲಿಗೆ ಎಲ್ಲವೂ ಸುಖವಾಗಿ ಮುಗಿಯಬೇಕಿತ್ತು. ಆದರೆ ಇನ್‌ಸ್ಪೆಕ್ಟರು ಸರ್ಟಿಫಿಕೇಟಿಗೆ ಸಹಿ ಹಾಕುತ್ತ, ನಿಯಮದ ಪ್ರಕಾರ ಗಟ್ಟಿಯಾಗಿ, "ಪಾಸ್. ಟೆಸ್ಟ್ ಲೋಡ್ ಎಲ್ಲಾ ಕೆಳಗೆ ಇಳಿಸಿ," ಎಂದರು.

"ಟೆಸ್ಟ್ ಲೋಡ್ ಅಂದ್ರೆ ಯಾರು?" ಎಂದರು ಜಡೇಸ್ವಾಮಿ.

"ನೀವೇ. ಸಾಮಾನ್ಯವಾಗಿ ಮರಳಿನ ಮೂಟೆ ಇಡ್ತಾರೆ. ಇವರು ಅದರ ಬದಲಿಗೆ ನಿಮ್ಮನ್ನು ಇಟ್ಟಿದ್ದಾರೆ. ನನ್ನ ಸರ್ವಿಸ್‌ನಲ್ಲೇ ಮೊದಲು," ಎಂದು ಆ ನಗದ ಮನುಷ್ಯ, ಮೊದಲ ಸಲ, ನಕ್ಕರು.

ಐವತ್ತೆರಡು ನಲ್ಲಿಗಳಲ್ಲಿ ಯಾವುದೋ ಒಂದು ತೊಟ್ಟಿಕ್ಕುತ್ತಿರುವುದು ಕೇಳಿಸಿತು. ಜಡೇಸ್ವಾಮಿ ಬೆಲ್ಲದ ಮೂಟೆಯಿಂದ ಕೆಳಗಿಳಿದರು. ಮಹಾಲಕ್ಷ್ಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ದೊಡ್ಡಮಾದಪ್ಪನವರು, ಫ್ಲೆಕ್ಸಿನಲ್ಲಿ ತಮ್ಮ ಚಿತ್ರ ಅಷ್ಟು ದೊಡ್ಡದಾಗಿ ಬೇಕಿರಲಿಲ್ಲ ಎಂದುಕೊಂಡರು.

"ಮರಳು ಮೂಟೆನಾ ನಾವು?" ಎಂದರು ಜಡೇಸ್ವಾಮಿ. "ನಡೀರ್ಲಾ, ಟೆಂಪೋ ಅತ್ತಿ. ಮದ್ವೆ ಮಾತು ಇಲ್ಗೇ ಮುಗೀತು."

"ತಡಿಲಾ," ಎಂದರು ಗುರುಸಿದ್ದಮ್ಮ. ಲಿಫ್ಟಿನಿಂದ ನಿಧಾನವಾಗಿ ಈಚೆಗೆ ಬಂದು, ತಕ್ಕಡಿಯ ತೋರಣವನ್ನು ಒಮ್ಮೆ ಮುಟ್ಟಿದರು. "ಎಂಬತ್ತೊಂದು ಅಂತ ಸುಳ್ಳೇಳಿ ಬಂದೋನು ನೀನು, ಕಾಯಿ ಕಟ್ಕಂಡು ಬಂದೋನು ನಿಮ್ಮಾವ. ರೋಸಕ್ಕೂ ಒಂದ್ ತೂಕ ಬ್ಯಾಡ್ವೇನ್ಲಾ? ಬೀಗ್ರೇ, ನೀವು ಅರಕೆ ಒತ್ತಿದ್ರೋ ಇಲ್ವೋ, ನಮ್ಗೆ ಬ್ಯಾಡ. ತೋರಣ ಕಟ್ಟಿ, ಬೆಲ್ಲ ಪಕ್ದಲ್ಲಿಟ್ಟು, ಇನ್ನೂರು ಜನದ ಎದುರ್ಗೆ ತೂಗಿದ್ದಾಯ್ತು. ತೂಗಿದ ಬೆಲ್ಲ ತಿರ್ಗಿ ಮಂಡಿಗೆ ಓಗಾಕಿಲ್ಲ. ಆರ್ನೂರೈವತ್ತು ಕೇಜಿ, ನಿಮ್ದೂ ಸೇರ್ಸಿ, ಬೆಟ್ಟದ ದಾಸೋಹಕ್ಕೆ ಕಳ್ಸಿ. ಭಾನ್ವಾರ ನಾವು ಬತ್ತೀವಿ."

ಹೀಗೆ ಹೊರದೇ ಇದ್ದ ಹರಕೆಯನ್ನು ತೀರಿಸಿದ ಕೀರ್ತಿ ಷಡಕ್ಷರಿಯವರ ಪಾಲಿಗೆ ಬಂತು. ಶುಕ್ರವಾರ ನಿಂಗರಾಜುವಿನ ಲಾರಿ ಇಪ್ಪತ್ತಾರು ಮೂಟೆ ಬೆಲ್ಲ ಹೊತ್ತು ಬೆಟ್ಟ ಹತ್ತಿತು. ಲಾರಿಯಲ್ಲಿ ಯಾವ ಸೆನ್ಸರೂ ಕುಂಯ್ ಎನ್ನಲಿಲ್ಲ.

ಭಾನುವಾರ ಒಂಬತ್ತೂಮುಕ್ಕಾಲು. ಹತ್ತು ಗಂಟೆ ಐದು ನಿಮಿಷಕ್ಕೆ ಮುಹೂರ್ತ. ಮಹಾಲಕ್ಷ್ಮಮ್ಮ ಆಗಲೇ ಮೇಲಿದ್ದರು. ಧಾರೆಗೆ ನೀರಿನ ತಂಬಿಗೆಯನ್ನು ಷಡಕ್ಷರಿಯವರು ತರಬೇಕಿತ್ತು. ಪಂಚೆ ಸರಿಮಾಡಿಕೊಂಡು, ತಂಬಿಗೆ ಹಿಡಿದು ಲಿಫ್ಟಿನ ಬಳಿ ಬಂದರು. ಗೋಡೆಯ ಮೇಲೆ ಚೌಕಟ್ಟು ಹಾಕಿದ ಸರ್ಟಿಫಿಕೇಟು ಹೊಳೆಯುತ್ತಿತ್ತು. ಒಳಗೆ ಗುರುಸಿದ್ದಮ್ಮ ನಿಂತು ಯಾರು ಹತ್ತಬೇಕು, ಯಾರು ಇಳಿಯಬೇಕು ಎಂದು ನಿರ್ಧರಿಸುತ್ತಿದ್ದರು.

"ನೀನ್ ಬಾ. ನೀನ್ ಇಳಿ. ಲೇ ಕಾಮಗೆರೆಯೋನೆ, ನೀ ಸಾಲಾಕಿಲ್ಲ, ಮೆಟ್ಲಲ್ಲಿ ಓಗು. ಆ ಓಲಗದೋರಲ್ಲಿ ದಪ್ಪಗಿರೋ ಇಬ್ರು ಬರ್ಲಿ." ಯಳಂದೂರಿನಿಂದ ಬಂದಿದ್ದ ಓಲಗದವರಿಬ್ಬರು ಡೋಲನ್ನು ಹೊರಗಿಟ್ಟು ಒಳಗೆ ಬಂದರು. ಅಜ್ಜಿ ಎಲ್ಲರ ಮೇಲೂ ಒಮ್ಮೆ ಕಣ್ಣಾಡಿಸಿದರು. "ಒಂಬತ್ತು ಜನ. ಆರ್ನೂರು ಕೇಜಿ. ಬನ್ನಿ ಬೀಗ್ರೇ! ಎಪ್ಪತ್ಗೆ ಜಾಗ ಅದೆ. ಎಂಬತ್ಗೂ ಅದೆ."

ಷಡಕ್ಷರಿಯವರು ತಂಬಿಗೆಯೊಂದಿಗೆ ಬಲಗಾಲು ಒಳಗಿಟ್ಟರು. ಆಮೇಲೆ ಎಡಗಾಲು.

ಕುಂಯ್.

ಹೊರಗೆ ಬಂದರು. ಸದ್ದು ನಿಂತಿತು. ತಂಬಿಗೆಯನ್ನು ಕೆಳಗಿಟ್ಟು ಒಳಗೆ ಹೋದರು. ಕುಂಯ್. ಉಸಿರು ಬಿಗಿಹಿಡಿದು, ತುದಿಗಾಲಿನಲ್ಲಿ ನಿಂತರು. ಕುಂಯ್. ಆ ಕಟ್ಟಡದಲ್ಲಿ ಎರಡು ತಿಂಗಳಿಂದ ನಡೆದ ಪರೀಕ್ಷೆಗಳಲ್ಲೆಲ್ಲ ಇಷ್ಟು ಶಾಸ್ತ್ರಬದ್ಧವಾಗಿ ಏರ್ಪಡಿಸಿದ್ದು ಇದೊಂದೇ ಎಂಬುದನ್ನು ಸೈನ್ಸ್ ಷಡಕ್ಷರಿಯವರು ಒಪ್ಪಿಕೊಳ್ಳಲೇಬೇಕಾಯಿತು.

"ಸೆನ್ಸರ್ ಸರಿ ಇಲ್ಲ ಅನ್ಸುತ್ತೆ," ಎಂದರು ಮೆಲ್ಲಗೆ.

"ಪಾಸಾಯ್ತಲ್ಲ ಬೀಗ್ರೇ. ಅಲ್ಲೇ ಗೋಡೆ ಮೇಲೆ ನೇತಾಕವ್ರೆ," ಎಂದರು ಜಡೇಸ್ವಾಮಿ, ಒಳಗಿನಿಂದ. ಬಾಗಿಲು ಮುಚ್ಚಿಕೊಂಡಿತು.

ಮೆಟ್ಟಿಲು ನಲವತ್ತೆಂಟು. ಷಡಕ್ಷರಿಯವರೇ ಎಣಿಸಿ ಪಟ್ಟಿಯಲ್ಲಿ ಬರೆದಿದ್ದ ಲೆಕ್ಕ. ಮೂವತ್ತನೆಯದರ ಮೇಲೆ ಅವರು ಒಮ್ಮೆ ಕುಳಿತರು. ಮೇಲಿನಿಂದ ಪುರೋಹಿತರು, "ಹೆಣ್ಣಿನ ತಂದೆ ಎಲ್ಲಿ? ಹೆಣ್ಣಿನ ತಂದೆ ಎಲ್ಲಿ?" ಎಂದು ಮೈಕಿನಲ್ಲಿ ಕೂಗುತ್ತಿದ್ದರು. ಮೈಕನ್ನೂ ಷಡಕ್ಷರಿಯವರೇ ಪರೀಕ್ಷಿಸಿದ್ದು. ಮೂಲೆಮೂಲೆಗೂ ಸ್ಪಷ್ಟವಾಗಿ ಕೇಳುತ್ತಿತ್ತು.

ಮುಹೂರ್ತಕ್ಕೆ ಎರಡು ನಿಮಿಷ ಉಳಿದಿರುವಾಗ, ಅರ್ಧ ನೀರು ಪಂಚೆಯ ಮೇಲೆ ಚೆಲ್ಲಿಕೊಂಡು, ಮಾತು ಹೊರಡದೆ, ಅವರು ಮಂಟಪದ ಬಾಗಿಲಿಗೆ ಬಂದು ಕಂಬ ಹಿಡಿದು ನಿಂತರು. ಸಾವಿರ ಜನ ತಿರುಗಿ ನೋಡಿದರು. ಬೀಗರ ಕಡೆಯಲ್ಲಿ ಗುಸುಗುಸು ಎದ್ದಿತು.

ಮುಂದಿನ ಸಾಲಿನಲ್ಲಿ ತಣ್ಣಗೆ ಕುಳಿತಿದ್ದ ಗುರುಸಿದ್ದಮ್ಮ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು.

"ತಡವಾಯ್ತು ಅಂತ ಯಾರೂ ಬೀಗ್ರುನ್ನ ಅನ್ಕೂಡ್ದು. ಎಂಬತ್ತೇಳು ಕೇಜಿ ಮೆಟ್ಲತ್ತಿ ಬಂದದೆ," ಎಂದರು. ಆಮೇಲೆ ಎಲೆ ಅಡಿಕೆ ಚೀಲ ಬಿಚ್ಚುತ್ತ, "ಧಾರೆ ಎರೀರಿ ಬೀಗ್ರೇ, ಒತ್ತಾಯ್ತು. ಮಾದಪ್ಪಂಗೆ ಬಾಕಿ ಅದ್ನೇಳು ಕೇಜಿ ಬೆಲ್ಲ ನಾಳೆ ಕಳ್ಸೀರಂತೆ."